ಮೊದಲು ಹಳದಿ ಕಾರ್ಡ್, ಆಮೇಲೆ ನೈರೋಬಿ ಟಿಕೆಟ್

ನಿವೃತ್ತ ಮೇಷ್ಟ್ರೊಬ್ಬರು ನನ್ನ ಕಚೇರಿಗೆ ಬಂದು ಮೊಬೈಲನ್ನು ಮೇಜಿನ ಮೇಲಿಟ್ಟರು. ಟ್ರಾವೆಲ್ ಏಜೆಂಟ್ ಕಳಿಸಿದ್ದ ವಾಟ್ಸ್‌ಆ್ಯಪ್ ಸಂದೇಶ ಅದರಲ್ಲಿತ್ತು: ‘ಕೀನ್ಯಾಗೆ ಇಂಜೆಕ್ಷನ್ ಏನೂ ಬೇಡ ಸರ್, ನಾನಿದ್ದೀನಿ.’ ಅವರ ಮಗ ನೈರೋಬಿಯಲ್ಲಿ ಕೆಲಸದಲ್ಲಿದ್ದಾನೆ. ಅಗ್ಗದ ಟಿಕೆಟ್ ಸಿಕ್ಕಿತೆಂದು ಗಂಡ ಹೆಂಡತಿ ಇಬ್ಬರೂ ಹೋಗಿ ಹನ್ನೆರಡು ದಿನ ಇದ್ದು ಬಂದಿದ್ದರು. ಹೋಗುವಾಗ ಯಾರೂ ತಡೆಯಲಿಲ್ಲ. ವಾಪಸ್ ಬಂದಿಳಿದಾಗ ಆರೋಗ್ಯ ಕೌಂಟರಿನಲ್ಲಿ ‘ಹಳದಿ ಜ್ವರದ ಕಾರ್ಡ್ ತೋರಿಸಿ’ ಎಂದರು. ಕಾರ್ಡ್ ಇರಲಿಲ್ಲ. ಇಲ್ಲಿರುವ ಉಳಿದ ಮಕ್ಕಳು ನಿಲ್ದಾಣದ ಹೊರಗೆ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದಾಗ ಒಳಗಿದ್ದ ಇಬ್ಬರನ್ನೂ ಕ್ವಾರಂಟೈನ್‌ಗೆ ಕಳಿಸಲಾಯಿತು. ಅದೇ ವಾರ ಮೇಷ್ಟ್ರ ತಾಯಿಯ ವರ್ಷದ ತಿಥಿ. ಹಿರಿಯ ಮಗನಾದ ಮೇಷ್ಟ್ರಿಲ್ಲದೆಯೇ ಅದು ನಡೆಯಿತು.

ಟಿಕೆಟ್‌ನಲ್ಲಿ ಉಳಿಸಿದ ದುಡ್ಡು ಹೀಗೆ ಕಾಗದಪತ್ರದಲ್ಲಿ ಕರಗುವುದನ್ನು ಮತ್ತೆ ಮತ್ತೆ ನೋಡಿ ಇದನ್ನು ಬರೆಯುತ್ತಿದ್ದೇನೆ. ಕಾನೂನಿನ ಪಾಠ ಇಲ್ಲಿಲ್ಲ. ಏನು ಮಾಡಬೇಕು, ಯಾವ ಕ್ರಮದಲ್ಲಿ ಮಾಡಬೇಕು ಎಂಬುದಷ್ಟೇ ಇದೆ.

ಮೊದಲ ಹೆಜ್ಜೆ: ಲಸಿಕೆ

ಹೆಚ್ಚು ಜನ ಬೀಳುವ ಗುಂಡಿ ಇದೇ. ಭಾರತದಲ್ಲಿ ಹಳದಿ ಜ್ವರ ಇಲ್ಲ, ಹಾಗಾಗಿ ಇಲ್ಲಿಂದ ನೇರವಾಗಿ ಹೋಗುವವರಿಂದ ಕೀನ್ಯಾ ಆ ಕಾರ್ಡ್ ಕೇಳುವುದಿಲ್ಲ. ಏಜೆಂಟ್ ಹೇಳುವುದು ಇಷ್ಟನ್ನೇ. ಆದರೆ ಹಳದಿ ಜ್ವರವಿರುವ ದೇಶಗಳ ಭಾರತದ ಪಟ್ಟಿಯಲ್ಲಿ ಕೀನ್ಯಾವೂ ಇದೆ, ಇಥಿಯೋಪಿಯಾವೂ ಇದೆ. ಅಲ್ಲಿಂದ ಹೊರಟು ಆರು ದಿನದೊಳಗೆ ಕಾರ್ಡ್ ಇಲ್ಲದೆ ಇಲ್ಲಿಗೆ ಬಂದರೆ ನಿಮ್ಮನ್ನು ಆರು ದಿನದವರೆಗೆ ಪ್ರತ್ಯೇಕವಾಗಿಡುವ ಅಧಿಕಾರ ನಮ್ಮ ಆರೋಗ್ಯ ಅಧಿಕಾರಿಗಿದೆ. ತಡೆಯುವುದು ಪರದೇಶವಲ್ಲ, ನಮ್ಮದೇ ದೇಶ.

ಲಸಿಕೆ ಹಾಕಿಸಿದ ಹತ್ತು ದಿನದ ನಂತರವೇ ಕಾರ್ಡಿಗೆ ಬೆಲೆ. ಸೋಮವಾರ ಹಾಕಿಸಿಕೊಂಡು ಬುಧವಾರ ಹೊರಟು, ಮುಂದಿನ ಸೋಮವಾರ ವಾಪಸ್ ಬಂದರೆ ಕಾರ್ಡ್ ಕೈಯಲ್ಲಿದ್ದೂ ಇಲ್ಲದಂತೆಯೇ. ಕೊನೇ ಗಳಿಗೆಯ ಅಗ್ಗದ ಟಿಕೆಟ್ ಹಿಡಿದು ಓಡುವವರು ಇಲ್ಲೇ ಸಿಕ್ಕಿಬೀಳುತ್ತಾರೆ.

ಲಸಿಕೆಯನ್ನು ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಹಾಕಿಸಬೇಕು. ಬೆಂಗಳೂರಿನಲ್ಲಿ ಶೇಷಾದ್ರಿ ರಸ್ತೆಯ ಸಾರ್ವಜನಿಕ ಆರೋಗ್ಯ ಸಂಸ್ಥೆ ಅಂಥದೊಂದು. ಪಕ್ಕದ ಬೀದಿಯ ಕ್ಲಿನಿಕ್‌ನ ಚೀಟಿ ನಡೆಯುವುದಿಲ್ಲ. ನಿಗದಿತ ದಿನಗಳಲ್ಲಷ್ಟೇ ಹಾಕುವ ಕೇಂದ್ರಗಳಿವೆ, ದಿನ ಮೊದಲೇ ವಿಚಾರಿಸಿಕೊಳ್ಳಿ. ಪಾಸ್‌ಪೋರ್ಟ್ ಒಯ್ಯಿರಿ. ಕಾರ್ಡ್ ಕೈಗೆ ಬಂದಾಗ ಅಲ್ಲೇ ನಿಂತು ಓದಿ: ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇದೆಯೇ, ಸಂಖ್ಯೆ ಸರಿಯೇ, ತಾರೀಖು, ಬ್ಯಾಚ್ ಸಂಖ್ಯೆ, ವೈದ್ಯರ ಸಹಿ, ಮೊಹರು ಇವೆಯೇ? ಒಂದು ಕಡಿಮೆಯಾದರೂ ಆಮೇಲೆ ಅಲೆಯುವವರು ನೀವೇ, ಕೌಂಟರಿನವರಲ್ಲ.

ಅರವತ್ತು ದಾಟಿದವರು, ಗರ್ಭಿಣಿಯರು, ಮೊಟ್ಟೆಯ ಅಲರ್ಜಿ ಇರುವವರು ವೈದ್ಯರನ್ನು ಕೇಳದೆ ಈ ಲಸಿಕೆ ಹಾಕಿಸಿಕೊಳ್ಳಬಾರದು. ಬೇಡವೆಂದು ವೈದ್ಯರು ಹೇಳಿದರೆ ಅದರ ಪ್ರಮಾಣಪತ್ರದ ಮೂಲ ಪ್ರತಿ ಜೊತೆಗಿರಲಿ. ಅದು ಇದ್ದ ಮಾತ್ರಕ್ಕೆ ಪ್ರಶ್ನೆ ಬರುವುದಿಲ್ಲವೆಂದು ತಿಳಿಯಬೇಡಿ, ತೀರ್ಮಾನ ಆರೋಗ್ಯ ಅಧಿಕಾರಿಯದು.

ಹಳೆಯ ಕಾರ್ಡ್ ಇರುವವರಿಗೆ ಒಂದು ಮಾತು. 2016ರ ಜುಲೈ 11ರಿಂದ ಒಂದು ಡೋಸ್ ಜೀವನಪೂರ್ತಿ ಮಾನ್ಯ. ಹತ್ತು ವರ್ಷ ಎಂದು ಮುದ್ರಿಸಿರುವ ಹಳೆಯ ಕಾರ್ಡಿಗೂ ಇದೇ ನಿಯಮ. ‘ಅವಧಿ ಮುಗಿದಿದೆ, ಮತ್ತೆ ಹಾಕಿಸಿ’ ಎಂದು ಗದರಿಸುವ ಸಿಬ್ಬಂದಿ ಈಗಲೂ ಇದ್ದಾರೆ. ನಿಯಮ ಬದಲಾಗಿ ಇಷ್ಟು ವರ್ಷವಾದರೂ ಅದನ್ನು ಓದದವರು ಜನರನ್ನು ಹೆದರಿಸುವುದು ನನಗೆ ಸಹಿಸಲಾಗದು. ‘ಹಾಗೆಂದು ಬರೆದುಕೊಡಿ’ ಎಂದು ಮರ್ಯಾದೆಯಿಂದಲೇ ಕೇಳಿ.

ಇಥಿಯೋಪಿಯಾದ ಅಡಿಸ್ ಅಬಾಬಾದ ಮೂಲಕ ಹೋಗುವವರಿಗೆ ಇನ್ನೊಂದು ಎಚ್ಚರಿಕೆ. ವಿಮಾನ ಬದಲಿಸುವಾಗ ನಿಲ್ದಾಣದ ಒಳಗೇ ಇದ್ದರೆ ಭಾರತದ ನಿಯಮದಲ್ಲಿ ವಿನಾಯಿತಿ ಇದೆ, ಅದೂ ಆರೋಗ್ಯ ಅಧಿಕಾರಿ ಒಪ್ಪಿದರೆ. ಕಾಯುವ ಹೊತ್ತು ಹೆಚ್ಚೆಂದು ವಿಮಾನ ಕಂಪನಿ ಕೊಡುವ ಪುಕ್ಕಟೆ ಹೋಟೆಲಿಗೆ ಹೋಗಿ ಮಲಗಿದಿರೋ, ಆ ವಿನಾಯಿತಿ ಹೋಯಿತು. ಈ ದಾರಿಯಲ್ಲಿ ಪ್ರಿಟೋರಿಯಾಕ್ಕೆ ಹೋಗುವವರೂ ಇದನ್ನು ಗಮನಿಸಬೇಕು. ಹಳದಿ ಜ್ವರದ ದೇಶದ ನಿಲ್ದಾಣದಲ್ಲಿ ಹನ್ನೆರಡು ಗಂಟೆಗಿಂತ ಹೆಚ್ಚು ಕಳೆದು ಬಂದವರಿಂದ ದಕ್ಷಿಣ ಆಫ್ರಿಕಾ ಕಾರ್ಡ್ ಕೇಳುತ್ತದೆ.

ದಲ್ಲಾಳಿ ಕೊಡುವ ‘ರೆಡಿ ಕಾರ್ಡ್’ ಮುಟ್ಟಲೇಬೇಡಿ. ಅದು ನಕಲಿ ದಾಖಲೆ. ಸಿಕ್ಕಿಬಿದ್ದರೆ ಕ್ವಾರಂಟೈನ್ ಅಲ್ಲ, ಕ್ರಿಮಿನಲ್ ಕೇಸು. ಮಾರಿದವನು ಆಗ ಫೋನ್ ಎತ್ತುವುದಿಲ್ಲ.

ಕಾರ್ಡ್ ಇಲ್ಲದೆ ಬಂದು ಸಿಕ್ಕಿಬಿದ್ದರೂ ನಿಮಗೆ ಹಕ್ಕಿದೆ. ಆರು ದಿನ ಎಣಿಸಬೇಕಾದದ್ದು ನೀವು ಆ ದೇಶ ಬಿಟ್ಟ ದಿನದಿಂದ, ಇಲ್ಲಿಗೆ ಬಂದಿಳಿದ ದಿನದಿಂದಲ್ಲ. ನೈರೋಬಿ ಬಿಟ್ಟು ದುಬೈನಲ್ಲಿ ಎರಡು ದಿನ ಇದ್ದು ಬಂದಿದ್ದರೆ ಆ ಎರಡು ದಿನ ಕಳೆಯಬೇಕು. ಲಸಿಕೆಯ ಹತ್ತು ದಿನ ಅದಕ್ಕೂ ಮೊದಲೇ ತುಂಬಿದರೆ ಅಂದೇ ಬಿಡಬೇಕು. ಬೋರ್ಡಿಂಗ್ ಪಾಸ್ ತೋರಿಸಿ, ಲಿಖಿತ ಆದೇಶ ಕೇಳಿ ಪಡೆಯಿರಿ.

ಎರಡನೆಯ ಹೆಜ್ಜೆ: ಪ್ರವೇಶ ಅನುಮತಿ

2024ರ ಜನವರಿಯಿಂದ ಕೀನ್ಯಾ ವೀಸಾ ಪದ್ಧತಿ ಬಿಟ್ಟು, ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ಪಡೆಯುವ ಇಟಿಎ ಎಂಬ ಪ್ರಯಾಣ ಅನುಮತಿ ತಂದಿದೆ. ಶುಲ್ಕ 30 ಡಾಲರ್, ಮೇಲೆ ಅಲ್ಪ ಸೇವಾ ಶುಲ್ಕ. ಪಾಸ್‌ಪೋರ್ಟಿಗೆ ಆರು ತಿಂಗಳಾದರೂ ಆಯಸ್ಸಿರಬೇಕು. ಎಚ್ಚರ ವಹಿಸಬೇಕಾದದ್ದು ವೆಬ್ ವಿಳಾಸದಲ್ಲಿ. ಹುಡುಕಿದರೆ ಮೇಲೆ ಕಾಣುವುದು ಮಧ್ಯವರ್ತಿಗಳ ತಾಣ, ನೋಡಲು ಸರ್ಕಾರದ್ದೇ ಅನ್ನಿಸುವಂತಿರುತ್ತದೆ, ಹಣ ದುಪ್ಪಟ್ಟು ಕೇಳುತ್ತದೆ. ವಿಳಾಸದ ಕೊನೆಯಲ್ಲಿ ‘ಗೋ ಡಾಟ್ ಕೆಇ’ ಇದ್ದರೆ ಮಾತ್ರ ಅದು ಕೀನ್ಯಾ ಸರ್ಕಾರದ್ದು. ಕೊನೇ ದಿನಕ್ಕೆ ಬಿಡಬೇಡಿ, ಒಂದು ವಾರ ಮೊದಲೇ ಅರ್ಜಿ ಹಾಕಿ.

ಮೂರನೆಯ ಹೆಜ್ಜೆ: ಟಿಕೆಟ್

ಮಸಾಯಿ ಮಾರಾದಲ್ಲಿ ಪ್ರಾಣಿಗಳ ವಲಸೆ ನೋಡಲು ಜನ ಮುಗಿಬೀಳುವ ಜುಲೈ–ಅಕ್ಟೋಬರ್ ದುಬಾರಿ. ದೊಡ್ಡ ಮಳೆಯ ಏಪ್ರಿಲ್–ಮೇ ಅಗ್ಗ.

ಏಜೆಂಟ್ ಹೇಳುವ ಅತಿ ಕಡಿಮೆ ದರದ ಹಿಂದೆ ಎರಡು ಬೇರೆ ಬೇರೆ ಟಿಕೆಟ್‌ಗಳಿರಬಹುದು: ಬೆಂಗಳೂರಿನಿಂದ ಮುಂಬೈಗೆ ಒಂದು, ಮುಂಬೈನಿಂದ ನೈರೋಬಿಗೆ ಇನ್ನೊಂದು. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ನಿಮ್ಮನ್ನು ಮುಂದಕ್ಕೆ ಕಳಿಸುವ ಹೊಣೆ ಯಾವ ಕಂಪನಿಗೂ ಇಲ್ಲ. ‘ಎರಡಕ್ಕೂ ಒಂದೇ ಪಿಎನ್‌ಆರ್ ಇದೆಯೇ?’ ಎಂದು ಹಣ ಕೊಡುವ ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ.

ನೀವು ಟಿಕೆಟ್ ರದ್ದು ಮಾಡಿದರೆ ‘ನಾನ್ ರಿಫಂಡಬಲ್’ ಎಂದು ಹೇಳಿ ಕೈತೊಳೆದುಕೊಳ್ಳುತ್ತಾರೆ. ವಿಮಾನಯಾನ ನಿಯಂತ್ರಕ ಡಿಜಿಸಿಎ ನಿಯಮದಂತೆ ಅಂಥ ಟಿಕೆಟ್‌ನಲ್ಲೂ ಸರ್ಕಾರಿ ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕ ವಾಪಸ್ ಬರಬೇಕು. ಏಜೆಂಟ್ ಮೂಲಕ ಕೊಂಡಿದ್ದರೂ ಮರುಪಾವತಿಯ ಹೊಣೆ ವಿಮಾನ ಕಂಪನಿಯದೇ. ಆದರೆ ವಿದೇಶಿ ಕಂಪನಿಗಳ ಮರುಪಾವತಿ ಅವರವರ ದೇಶದ ನಿಯಮದಂತೆ ನಡೆಯುತ್ತದೆ. ಅದಕ್ಕೇ ದರದ ಜೊತೆ ರದ್ದತಿಯ ಷರತ್ತನ್ನೂ ಓದಿ.

ಟಿಕೆಟ್ ಜೊತೆ ಹೋಟೆಲನ್ನೂ ಸೇರಿಸಿ ಪ್ಯಾಕೇಜ್ ಕೊಂಡರೆ ಟಿಸಿಎಸ್ ಎಂಬ ತೆರಿಗೆ ಹಿಡಿಯುತ್ತಾರೆ. ಅದು ನಿಮ್ಮದೇ ಹಣ, ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ವಾಪಸ್ ಕೇಳಬಹುದು. ಏಜೆಂಟ್ ಅದನ್ನು ನಿಮ್ಮ ಪ್ಯಾನ್ ಸಂಖ್ಯೆಗೆ ಕಟ್ಟಿದ್ದಾನೆಯೇ ಎಂದು ಆದಾಯ ತೆರಿಗೆ ಇಲಾಖೆಯಲ್ಲಿರುವ ನಿಮ್ಮ ತೆರಿಗೆ ವಿವರಪಟ್ಟಿಯಲ್ಲಿ ನೋಡಿಕೊಳ್ಳಿ.

ನಾಲ್ಕನೆಯ ಹೆಜ್ಜೆ: ಲಗೇಜು ಮತ್ತು ಊರು

2017ರ ಆಗಸ್ಟ್‌ನಿಂದ ಕೀನ್ಯಾದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧ. ದಂಡ ಮಾತ್ರವಲ್ಲ, ಜೈಲೂ ಇದೆ. ಚಟ್ನಿಪುಡಿ, ಕೋಡುಬಳೆ, ಹಪ್ಪಳವನ್ನು ಅಂಗಡಿಯ ಕವರಿಗೆ ತುಂಬಿ ಗಂಟು ಹಾಕುವ ಅಭ್ಯಾಸ ನಮ್ಮದು. ಡಬ್ಬಿಗೋ ಬಟ್ಟೆ ಚೀಲಕ್ಕೋ ತುಂಬಿ.

ಸೂಟ್‌ಕೇಸ್ ಬರದಿದ್ದರೆ, ಒಡೆದಿದ್ದರೆ ನಿಲ್ದಾಣ ಬಿಡುವ ಮೊದಲೇ ಕೌಂಟರಿನಲ್ಲಿ ದೂರು ಬರೆಸಿ ಪ್ರತಿ ಪಡೆಯಿರಿ. ಮಾಂಟ್ರಿಯಲ್ ಒಪ್ಪಂದದಂತೆ ಹಾನಿಯ ದೂರು ಏಳು ದಿನದೊಳಗೆ, ತಡವಾಗಿ ಬಂದ ಲಗೇಜಿನ ದೂರು ಅದು ಕೈಸೇರಿದ 21 ದಿನದೊಳಗೆ ಲಿಖಿತವಾಗಿ ಹೋಗಬೇಕು. ಫೋನಿನಲ್ಲಿ ‘ನೋಡ್ತೀವಿ ಸರ್’ ಎನ್ನಿಸಿಕೊಂಡರೆ ದಿನ ಕಳೆಯುತ್ತದೆ, ಹಕ್ಕೂ ಹೋಗುತ್ತದೆ.

ನೈರೋಬಿಯಲ್ಲಿ ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸ್ ಠಾಣೆ. ಅಲ್ಲಿ ದೂರಿಗೆ ಕೊಡುವ ಪತ್ರಕ್ಕೆ ‘ಪೊಲೀಸ್ ಅಬ್‌ಸ್ಟ್ರಾಕ್ಟ್’ ಎನ್ನುತ್ತಾರೆ. ಅದನ್ನು ಹಿಡಿದು ಹರಂಬೀ ಅವೆನ್ಯೂದಲ್ಲಿರುವ ಭಾರತದ ಹೈಕಮಿಷನ್‌ಗೆ ಹೋಗಿ. ಪಾಸ್‌ಪೋರ್ಟಿನ ಜೆರಾಕ್ಸ್ ಬೇರೆ ಚೀಲದಲ್ಲಿದ್ದರೆ ಕೆಲಸ ಬೇಗ ಆಗುತ್ತದೆ.

ಮೋಸವಾದರೆ

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ವಿಮಾನದ ದೂರಿಗೆ ಏರ್‌ಸೇವಾ ಪೋರ್ಟಲ್. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಏಜೆಂಟ್ ಬೆಂಗಳೂರಿನವನಾದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಎರಡು ವರ್ಷದೊಳಗೆ ಕೊಡಬೇಕು.

ಮೇಷ್ಟ್ರ ಕೈಯಲ್ಲಿದ್ದದ್ದು ಆ ಒಂದು ವಾಟ್ಸ್‌ಆ್ಯಪ್ ಸಂದೇಶ. ಅದನ್ನೇ ಲಗತ್ತಿಸಿ ನೋಟಿಸ್ ಕಳಿಸಿದ ಮೇಲೆ ಏಜೆಂಟ್ ದಾರಿಗೆ ಬಂದ, ಹಣ ಕೊಟ್ಟ. ತಾಯಿಯ ತಿಥಿಯ ದಿನವನ್ನು ಯಾವ ನೋಟಿಸೂ ವಾಪಸ್ ತರಲಿಲ್ಲ. ಆದ್ದರಿಂದ ನಿಮ್ಮಲ್ಲಿ ನನ್ನ ವಿನಂತಿ ಇಷ್ಟೇ: ದರ ಎಷ್ಟೇ ಇಳಿದಿರಲಿ, ಲಸಿಕೆ ಹಾಕಿಸಿ ಕಾರ್ಡ್ ಕೈಗೆ ಬಂದ ಮೇಲೆಯೇ ಟಿಕೆಟ್‌ಗೆ ಹಣ ಕಟ್ಟಿ.