ಸ್ಯಾಂಪಲ್ ಈಗ, ತೀರ್ಮಾನ ಆಮೇಲೆ: ಲೈಂಗಿಕ ದೌರ್ಜನ್ಯ ಮತ್ತು ಡಿಎನ್‌ಎ ಪರೀಕ್ಷೆ

ಇವತ್ತಿನ ಸಂಚಿಕೆಯ ವಿಷಯ ಭಾರವಾದದ್ದು: ಲೈಂಗಿಕ ದೌರ್ಜನ್ಯ ಆದಮೇಲೆ ನಡೆಯುವ ಡಿಎನ್‌ಎ ಪರೀಕ್ಷೆ. ಕೇಳೋಕೆ ಕಷ್ಟ ಅನ್ನಿಸಿದರೆ ಇಲ್ಲೇ ನಿಲ್ಲಿಸಿ, ಬೇಕಾದಾಗ ಮತ್ತೆ ಬನ್ನಿ.

ಪರ್ತ್, ಬ್ರಿಸ್ಬೇನ್, ಅಡಿಲೇಡ್‌ನಲ್ಲಿರುವ ನಮ್ಮವರಿಗೆ ಮೊದಲು ಒಂದು ಮಾತು. "ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸ್ ಆಗೇ ಆಗುತ್ತೆ" ಅಂತ ನಮ್ಮಲ್ಲಿ ಅನೇಕರು ನಂಬಿದ್ದೇವೆ. ಅದಕ್ಕೆ ಕಾರಣವೂ ಇದೆ. ಭಾರತದಲ್ಲಿ 2013ರ ತಿದ್ದುಪಡಿಯ ಪ್ರಕಾರ ಆಸ್ಪತ್ರೆ ಉಚಿತ ಚಿಕಿತ್ಸೆ ಕೊಡಬೇಕು, ಜೊತೆಗೆ ಪೊಲೀಸರಿಗೂ ತಿಳಿಸಬೇಕು. ಆಸ್ಟ್ರೇಲಿಯಾದ ಈ ಮೂರು ನಗರಗಳಲ್ಲಿ ವಯಸ್ಕರಿಗೆ ಇನ್ನೊಂದು ದಾರಿ ಇದೆ: ದೂರು ಕೊಡಬೇಕೋ ಬೇಡವೋ ಇನ್ನೂ ತೀರ್ಮಾನ ಆಗದಿದ್ದರೂ ಸ್ಯಾಂಪಲ್ ತೆಗೆಸಿ ಇಡಿಸಬಹುದು. ಕ್ವೀನ್ಸ್‌ಲ್ಯಾಂಡ್‌ನಲ್ಲಿ ಇದಕ್ಕೆ 'ಜಸ್ಟ್ ಇನ್ ಕೇಸ್' ಪರೀಕ್ಷೆ ಅಂತಲೇ ಹೆಸರು. ಸರ್ಕಾರಿ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಕೇಳಿ. ಪರ್ತ್‌ನಲ್ಲಿ ಸಾರ್ಕ್, ಅಂದರೆ ಸೆಕ್ಷುಯಲ್ ಅಸಾಲ್ಟ್ ರಿಸೋರ್ಸ್ ಸೆಂಟರ್ ಇದೆ. ಅಡಿಲೇಡ್‌ನಲ್ಲಿ ಯ್ಯಾರೋ ಪ್ಲೇಸ್ ಇದೆ.

ಇಷ್ಟು ಅವಸರ ಯಾಕೆ? ತೀರ್ಮಾನ ಕಾಯುತ್ತೆ, ಡಿಎನ್‌ಎ ಕಾಯಲ್ಲ. ದೇಹದ ಕಿಣ್ವಗಳು, ಬ್ಯಾಕ್ಟೀರಿಯಾ ಗಂಟೆಗಂಟೆಗೂ ಅದನ್ನು ಒಡೆಯುತ್ತಿರುತ್ತವೆ. ಮೊದಲ 72 ಗಂಟೆಗಳಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಕೆಲವು ಸ್ಯಾಂಪಲ್‌ಗಳಲ್ಲಿ ಅದಾದಮೇಲೂ ಸಿಗಬಹುದು. ಸ್ನಾನ ಆಗಿಹೋಗಿದ್ದರೂ ಹೋಗಿ ಕೇಳಿ. ಬಟ್ಟೆಯನ್ನು ಒಗೆಯದೆ ಕಾಗದದ ಚೀಲದಲ್ಲಿಡಿ. ಪ್ಲಾಸ್ಟಿಕ್‌ನಲ್ಲಿ ತೇವ ನಿಂತು ಡಿಎನ್‌ಎ ಹಾಳಾಗುತ್ತೆ.

ಇನ್ನು ಲ್ಯಾಬಿನ ಕೆಲಸ. ಸ್ವಾಬ್‌ನಲ್ಲಿ ಇಬ್ಬರ ಜೀವಕೋಶಗಳೂ ಬೆರೆತಿರುತ್ತವೆ. ಮೊದಲು ಡಿಟರ್ಜೆಂಟ್ ಮತ್ತು ಒಂದು ಕಿಣ್ವ ಹಾಕಿ ಚರ್ಮದಂಥ ಕೋಶಗಳನ್ನು ಒಡೆಯುತ್ತೇವೆ. ವೀರ್ಯಾಣುವಿನ ತಲೆಯ ಪ್ರೋಟೀನುಗಳಿಗೆ ಗಂಧಕದ ಗಟ್ಟಿ ಬಂಧಗಳಿವೆ, ಹಾಗಾಗಿ ಅದು ಅಷ್ಟಕ್ಕೆ ಒಡೆಯಲ್ಲ. ಬೇರೆ ರಾಸಾಯನಿಕ ಹಾಕಿ ಅದನ್ನು ಆಮೇಲೆ ಒಡೆದರೆ ಎರಡೂ ಡಿಎನ್‌ಎ ಬಹುಮಟ್ಟಿಗೆ ಬೇರೆಯಾಗುತ್ತವೆ. ವೀರ್ಯಾಣುವೇ ಇಲ್ಲದಿದ್ದರೆ ವೈ ಕ್ರೋಮೋಸೋಮಿನ ಪರೀಕ್ಷೆ ಮಾಡಬಹುದು. ಆದರೆ ಅಪ್ಪ, ಮಗ, ಅಣ್ಣತಮ್ಮಂದಿರಲ್ಲಿ ಅದು ಸಾಮಾನ್ಯವಾಗಿ ಒಂದೇ ಇರುವುದರಿಂದ ಒಬ್ಬನನ್ನೇ ಬೊಟ್ಟು ಮಾಡಿ ತೋರಿಸೋಕೆ ಆಗಲ್ಲ.

ಲ್ಯಾಬೇ ಎಡವಿದರೆ? ಬ್ರಿಸ್ಬೇನ್‌ನ ಸರ್ಕಾರಿ ಲ್ಯಾಬಿನಲ್ಲಿ 2018ರಿಂದ ಒಂದು ಮಿತಿ ಇತ್ತು. ಒಂದು ಮೈಕ್ರೋಲೀಟರಿನಲ್ಲಿ 0.0088 ನ್ಯಾನೋಗ್ರಾಂಗಿಂತ ಕಡಿಮೆ ಡಿಎನ್‌ಎ ಇದ್ದ ಸ್ಯಾಂಪಲ್‌ಗಳಿಗೆ "ಮುಂದಿನ ಪರೀಕ್ಷೆಗೆ ಸಾಲದು" ಅಂತ ಬರೆದು ನಿಲ್ಲಿಸಿಬಿಡುತ್ತಿದ್ದರು. ಲೆಕ್ಕ ಹಾಕಿ ನೋಡೋಣ. ಅಂಥ ದ್ರವ 15 ಮೈಕ್ರೋಲೀಟರ್ ತಗೊಂಡರೆ 0.132 ನ್ಯಾನೋಗ್ರಾಂ, ಅಂದರೆ ಸುಮಾರು 20 ಜೀವಕೋಶಗಳ ಡಿಎನ್‌ಎ. ಕಡಿಮೆಯೇ, ಆದರೆ ಶೂನ್ಯವಲ್ಲ. ದ್ರವವನ್ನು ಸಾಂದ್ರಗೊಳಿಸಿದ್ದರೆ ಎಷ್ಟೋ ಸಲ ಪ್ರೊಫೈಲ್ ಸಿಗಬಹುದಿತ್ತು. ವಾಲ್ಟರ್ ಸೊಫ್ರೊನಾಫ್ ನೇತೃತ್ವದ ವಿಚಾರಣಾ ಆಯೋಗ 2022ರಲ್ಲಿ ಅಂಥ ಹೇಳಿಕೆಗಳು ನಿಜವಲ್ಲ ಎಂದಿತು. ಡಿಸೆಂಬರ್‌ನ ಅಂತಿಮ ವರದಿಯಲ್ಲಿ 123 ಶಿಫಾರಸುಗಳನ್ನು ಮಾಡಿತು. ಹಳೆಯ ಸ್ಯಾಂಪಲ್‌ಗಳ ಮರುಪರಿಶೀಲನೆಯೂ ಶುರುವಾಯಿತು.

ಇದರಿಂದ ನಾವು ಕಲಿಯಬೇಕಾದ್ದು ಇಷ್ಟು. "ಡಿಎನ್‌ಎ ಸಿಗಲಿಲ್ಲ" ಅಂದರೆ "ಏನೂ ನಡೆದಿಲ್ಲ" ಅಂತಲ್ಲ. ಡಿಎನ್‌ಎ ಯಾರದು ಅನ್ನೋದಕ್ಕೆ ಉತ್ತರ ಕೊಡಬಹುದು. ಒಪ್ಪಿಗೆ ಇತ್ತೋ ಇಲ್ಲವೋ ಅನ್ನೋದನ್ನು ಅದು ಹೇಳಲ್ಲ. ವರದಿ ಖಾಲಿ ಬಂದರೆ ಕೇಳಿ: ಪೂರ್ತಿ ಪರೀಕ್ಷೆ ಆಗಿದೆಯಾ, ಸ್ಯಾಂಪಲ್ ಇನ್ನೂ ಉಳಿದಿದೆಯಾ?

ಪರೀಕ್ಷೆಗೆ ಹೋದಾಗ ಇನ್ನೂ ಮೂರು ವಿಷಯ ಕೇಳಿಕೊಳ್ಳಿ. ಸ್ಯಾಂಪಲ್ ಎಷ್ಟು ದಿನ ಇಡುತ್ತೀರಿ? ಅವಧಿ ಮುಗಿಯೋ ಮುಂಚೆ ನನಗೆ ತಿಳಿಸುತ್ತೀರಾ? ನನ್ನ ಒಪ್ಪಿಗೆ ಇಲ್ಲದೆ ಅದು ಬೇರೆ ಯಾರ ಕೈಗಾದರೂ ಹೋಗುತ್ತಾ? ಪರೀಕ್ಷೆಯ ಯಾವ ಹಂತದಲ್ಲಾದರೂ "ಸಾಕು" ಅನ್ನಬಹುದು. ಸ್ಯಾಂಪಲ್ ಬೇಡವೆಂದರೂ ಗರ್ಭ ತಡೆಯುವ ಮಾತ್ರೆ, ಸೋಂಕಿನ ಚಿಕಿತ್ಸೆ ಕೇಳಿ ಪಡೆಯಬಹುದು. ಆನ್‌ಲೈನ್‌ನಲ್ಲಿ ಸಿಗುವ ಖಾಸಗಿ ಕಿಟ್‌ಗಳನ್ನು ಮಾತ್ರ ನಂಬಬೇಡಿ. ಸ್ಯಾಂಪಲ್ ಯಾರ ಕೈಯಿಂದ ಯಾರ ಕೈಗೆ ಹೋಯಿತು ಅನ್ನೋ ದಾಖಲೆ ಇಲ್ಲದಿದ್ದರೆ ಕೋರ್ಟಿನಲ್ಲಿ ಅದು ನಿಲ್ಲೋದು ಕಷ್ಟ.

ಮಾತಾಡಬೇಕು ಅನ್ನಿಸಿದರೆ ರಾಷ್ಟ್ರೀಯ ಸಹಾಯವಾಣಿ 1800 737 732, ದಿನದ 24 ಗಂಟೆಯೂ. ಇಂಗ್ಲಿಷ್ ಕಷ್ಟವಾದರೆ 131 450ಕ್ಕೆ ಕರೆ ಮಾಡಿ, ಕನ್ನಡದ ದುಭಾಷಿ ಬೇಕು ಅಂತ ಕೇಳಿ. ತಕ್ಷಣದ ಅಪಾಯ ಇದ್ದರೆ 000.

ಈ ಸಂಚಿಕೆ ಯಾರಿಗಾದರೂ ಬೇಕಾಗಬಹುದು ಅನ್ನಿಸಿದರೆ ಅವರಿಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.