ರಬ್ಬರು ಹಾಲಿನ ಹಾಸಿಗೆ

ಚಿಕ್ಕೋಡಿ, ರಾಯಬಾಗ, ಅಥಣಿಗಳ ಕಡೆಯ ಮನೆಗಳಲ್ಲಿ ಹಾಸಿಗೆಯನ್ನು ಗಾದಿ ಎಂದೇ ಕರೆಯುವುದು ವಾಡಿಕೆ. ಗಾದಿಯೆಂದರೆ ಹತ್ತಿಯದು. ಪಿಂಜಾರರು ಬಿಲ್ಲನ್ನು ಹೆಗಲಿಗೇರಿಸಿಕೊಂಡು ಓಣಿಗೆ ಬರುತ್ತಿದ್ದ ಕಾಲದಲ್ಲಿ, ಗಂಟುಗಟ್ಟಿದ ಹಳೆಯ ಹತ್ತಿಯನ್ನು ಬಿಚ್ಚಿ, ಹಿಂಜಿ, ಮತ್ತೆ ತುಂಬಿ ಹೊಲಿದುಕೊಡುತ್ತಿದ್ದರು. ಹತ್ತಿಯ ಗಾದಿಯ ಒಳಗೆ ಏನಿದೆಯೆಂಬುದು ಮನೆಯವರೆಲ್ಲರ ಕಣ್ಣೆದುರಿಗೇ ಇರುತ್ತಿತ್ತು. ಮೋಸಕ್ಕೆ ಎಡೆ ಕಡಿಮೆ. ಈಗ ನಿಪ್ಪಾಣಿಯಲ್ಲಿಯೂ, ಕಾಗವಾಡದವರು ಹೋಗಿಬರುವ ಮಿರಜದಲ್ಲಿಯೂ ಮಾರಾಟಕ್ಕಿರುವ ಹಾಸಿಗೆಗಳ ಒಳಗನ್ನು ಯಾರೂ ನೋಡುವುದಿಲ್ಲ. ಹೊಳೆಯುವ ಹೊದಿಕೆಯ ಮೇಲೆ 'ಲ್ಯಾಟೆಕ್ಸ್' ಎಂಬ ಒಂದು ಪದವಿರುತ್ತದೆ. ಆ ಒಂದು ಪದಕ್ಕಾಗಿ ಕೊಳ್ಳುವವನು ತಿಂಗಳುಗಳ ಉಳಿತಾಯವನ್ನು ತೆರುತ್ತಾನೆ.

ನಾನೂ ತೆತ್ತವನೇ. ಬೆನ್ನುನೋವಿನಿಂದ ಬಳಲುತ್ತಿದ್ದ ನನ್ನ ತಾಯಿಗೆಂದು ಕೆಲವು ವರ್ಷಗಳ ಹಿಂದೆ ಆರು ಅಡಿ ಉದ್ದ, ಮೂರು ಅಡಿ ಅಗಲ, ಆರು ಅಂಗುಲ ದಪ್ಪದ ಒಂದು ಹಾಸಿಗೆಯನ್ನು ತಂದೆನು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಅದರ ನಡುವೆ ತೊಟ್ಟಿಲಿನಂತೆ ತಗ್ಗು ಬಿದ್ದಿತು. ಹೊಲಿಗೆ ಬಿಚ್ಚಿ ನೋಡಿದರೆ ಮೇಲೆ ಒಂದು ಅಂಗುಲ ಮಾತ್ರ ರಬ್ಬರು. ಕೆಳಗೆ ಐದು ಅಂಗುಲ ಸಾಧಾರಣ ಸ್ಪಂಜು. ತೂಗಿದಾಗ ಇಡಿಯ ಹಾಸಿಗೆ ಒಂಬತ್ತು ಕಿಲೋಗ್ರಾಂ ಇದ್ದಿತು. ಕಾಲೇಜಿನಲ್ಲಿ ದಿನವೂ ಸಾಂದ್ರತೆಯ ಪಾಠ ಹೇಳುವವನು ಕೊಳ್ಳುವ ಮುನ್ನ ಅದನ್ನೊಮ್ಮೆ ತೂಗಿ ನೋಡಲಿಲ್ಲವೆಂಬುದೇ ನನಗೆ ಹೆಚ್ಚಿನ ನಾಚಿಕೆಯನ್ನುಂಟುಮಾಡಿತು. ಆ ತೂಕದ ಅರ್ಥವೇನೆಂಬುದನ್ನು ಮುಂದೆ ನೋಡೋಣ.

ಮೊದಲು, ಮೆತ್ತನೆಯ ಹಾಸಿಗೆ ನಮಗೇಕೆ ಬೇಕು? ಅರವತ್ತು ಕಿಲೋಗ್ರಾಂ ತೂಗುವ ಒಬ್ಬನು ಬರಿಯ ಹಲಗೆಯ ಮೇಲೆ ಮಲಗಿದನೆನ್ನಿ. ಹಲಗೆಯು ಬಾಗದು, ಆದುದರಿಂದ ಹೆಗಲು, ಸೊಂಟ, ಹಿಮ್ಮಡಿಗಳಂತಹ ಉಬ್ಬುಗಳಷ್ಟೇ ಅದಕ್ಕೆ ತಾಗುತ್ತವೆ. ತಾಗಿದ ಮೇಲ್ಮೈ ಸುಮಾರು 800 ಚದರ ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಪ್ರತಿ ಚದರ ಸೆಂಟಿಮೀಟರಿನ ಮೇಲೆ 75 ಗ್ರಾಂ ಭಾರ ಬೀಳುತ್ತದೆ. ಚರ್ಮದೊಳಗಿನ ಕೂದಲೆಳೆಯಂತಹ ರಕ್ತನಾಳಗಳಲ್ಲಿ ರಕ್ತದ ಒತ್ತಡವು ಸುಮಾರು 32 ಮಿಲಿಮೀಟರ್ ಪಾದರಸದಷ್ಟು; ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 44 ಗ್ರಾಂ. ಹೊರಗಿನ ಒತ್ತಡವು ಇದನ್ನು ಮೀರಿದಲ್ಲಿ ನಾಳಗಳು ಅದುಮಿ ರಕ್ತಸಂಚಾರ ಕುಂಠಿತವಾಗುತ್ತದೆ. ಅಂಗವು ಜೋಮು ಹಿಡಿಯುತ್ತದೆ, ನಾವು ನಿದ್ದೆಯಲ್ಲಿಯೇ ಮಗ್ಗುಲು ಬದಲಿಸುತ್ತೇವೆ. ಹಾಸಿಗೆಯು ದೇಹದ ಉಬ್ಬುತಗ್ಗುಗಳಿಗೆ ಹೊಂದಿಕೊಂಡು ತಾಗುವ ಮೇಲ್ಮೈಯನ್ನು 4500 ಚದರ ಸೆಂಟಿಮೀಟರಿಗೆ ಏರಿಸಿತೆಂದರೆ ಒತ್ತಡವು 13 ಗ್ರಾಮಿಗೆ ಇಳಿಯುತ್ತದೆ. ಹಾಸಿಗೆಯ ಸುಖವೆಂಬುದು ಮುಖ್ಯವಾಗಿ ಈ ಭಾಗಾಕಾರದ ಫಲ.

ಹಾಗಾದರೆ ಎಷ್ಟು ಮೆತ್ತಗಿದ್ದರೆ ಅಷ್ಟು ಒಳ್ಳೆಯದೋ? ಅಲ್ಲ. ತೀರ ಮೆತ್ತನೆಯದರಲ್ಲಿ ಭಾರವಾದ ಸೊಂಟವು ಹೆಚ್ಚು ಮುಳುಗಿ ಬೆನ್ನೆಲುಬು ಬಿಲ್ಲಿನಂತೆ ಬಾಗುತ್ತದೆ. ಬೆನ್ನುನೋವಿಗೆ ಗಟ್ಟಿ ಹಾಸಿಗೆಯೇ ಮದ್ದೆಂದು ಹಿರಿಯರು ಹೇಳುವುದುಂಟು. ಅದೂ ಪೂರ್ತಿ ನಿಜವಲ್ಲ. ಸ್ಪೇನ್ ದೇಶದಲ್ಲಿ ಬಹುಕಾಲದ ಸೊಂಟನೋವಿದ್ದ 313 ಜನರ ಮೇಲೆ ತೊಂಬತ್ತು ದಿನ ನಡೆದು, 2003ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಗಟ್ಟಿ ಹಾಸಿಗೆಯವರಿಗಿಂತ ಮಧ್ಯಮ ಗಡಸಿನ ಹಾಸಿಗೆಯವರಿಗೆ ಹೆಚ್ಚು ಉಪಶಮನ ದೊರೆಯಿತು. ಮೊದಲು ಮಣಿಯಬೇಕು, ಆಮೇಲೆ ಎದುರು ನಿಲ್ಲಬೇಕು. ಇದು ಒಳ್ಳೆಯ ಹಾಸಿಗೆಯ ಗುಣ. ರಬ್ಬರಿನ ನೊರೆಗೆ ಈ ಗುಣವು ಸಹಜವಾಗಿಯೇ ಬಂದಿದೆ.

ರಬ್ಬರು ಮರವು ಬ್ರೆಜಿಲಿನದು. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬಾತನು ಅದರ ಬೀಜಗಳನ್ನು ಲಂಡನ್ನಿನ ಕ್ಯೂ ಉದ್ಯಾನಕ್ಕೆ ಸಾಗಿಸಿದನು. ಅಲ್ಲಿ ಮೊಳೆತ ಸಸಿಗಳು ಸಿಂಹಳದ ಮೂಲಕ ಪೂರ್ವದೇಶಗಳಿಗೆ ಹಬ್ಬಿದವು. ನಮ್ಮ ರಾಜ್ಯದಲ್ಲಿ ಸುಳ್ಯ, ಪುತ್ತೂರು, ಬೆಳ್ತಂಗಡಿ, ಕೊಡಗುಗಳಲ್ಲಿ ಈ ಮರಗಳಿವೆ. ತೊಗಟೆಯನ್ನು ಓರೆಯಾಗಿ ಕೆತ್ತಿದರೆ ಒಸರುವ ಬಿಳಿಯ ರಸವೇ ಲ್ಯಾಟೆಕ್ಸ್. ನೋಡಲು ಎಕ್ಕೆಯ ಹಾಲಿನಂತೆಯೇ ಇರುತ್ತದೆ. ಅದರಲ್ಲಿ ನೂರಕ್ಕೆ ಮೂವತ್ತರಿಂದ ನಲವತ್ತು ಭಾಗ ರಬ್ಬರು, ಉಳಿದುದು ಬಹುಮಟ್ಟಿಗೆ ನೀರು. ಹೆಪ್ಪುಗಟ್ಟದಿರಲೆಂದು ಅಮೋನಿಯ ಬೆರೆಸಿ, ಮೊಸರು ಕಡೆದಂತಲ್ಲದೆ ರಭಸವಾಗಿ ಸುತ್ತುವ ಯಂತ್ರದಲ್ಲಿ ತಿರುಗಿಸಿ, ರಬ್ಬರಿನ ಅಂಶವನ್ನು ನೂರಕ್ಕೆ ಅರವತ್ತಕ್ಕೆ ಏರಿಸುತ್ತಾರೆ.

ಈ ಹಾಲನ್ನು ಹಾಗೆಯೇ ಒಣಗಿಸಿದರೆ ಬೇಸಿಗೆಯಲ್ಲಿ ಅಂಟಾಗಿಯೂ ಚಳಿಯಲ್ಲಿ ಬಿರುಸಾಗಿಯೂ ಇರುವ ನಿರುಪಯುಕ್ತ ವಸ್ತುವೊಂದು ದೊರೆಯುತ್ತದೆ. ರಬ್ಬರಿನ ಅಣುಗಳು ಬಲು ಉದ್ದನೆಯ ಸರಪಳಿಗಳು; ಒಂದರ ಮೇಲೊಂದು ಜಾರಿಹೋಗುತ್ತವೆ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಎಂಬಾತನು ಗಂಧಕ ಬೆರೆಸಿ ಕಾಯಿಸಿದರೆ ಈ ದೋಷ ಹೋಗುವುದೆಂದು ಕಂಡುಕೊಂಡನು. ಗಂಧಕದ ಪರಮಾಣುಗಳು ಸರಪಳಿ ಸರಪಳಿಗಳ ನಡುವೆ ಅಲ್ಲಲ್ಲಿ ಅಡ್ಡಗೊಂಡಿಗಳನ್ನು ಹಾಕುತ್ತವೆ. ಅಥಣಿ ತಾಲೂಕಿನ ಮದಭಾವಿಯ ಚಪ್ಪಲಿಯ ಕಸಬಿನವರಿಗೆ ಇದು ಹೊಸ ಮಾತೇನೂ ಅಲ್ಲ. ಜಾಲಿಯ ತೊಗಟೆ, ಅಳಲೆಕಾಯಿಗಳ ಒಗರು ಹಸಿಯ ತೊಗಲಿನ ಎಳೆಗಳನ್ನು ಒಂದಕ್ಕೊಂದು ಬಿಗಿದು ಕೊಳೆಯದಂತೆ ಮಾಡುವುದೂ ಇದೇ ಬಗೆಯ ಕಾರ್ಯವಾಗಿದೆ. ತೊಗಲಿಗೆ ಒಗರು ಹೇಗೋ ರಬ್ಬರಿಗೆ ಗಂಧಕ ಹಾಗೆ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಒಂದು ಮಾತು. ಅಗಲವಾದ ರಬ್ಬರು ಬಳೆಯೊಂದನ್ನು ತುಟಿಗೆ ತಾಗಿಸಿ ಥಟ್ಟನೆ ಎಳೆಯಿರಿ. ಅದು ಬೆಚ್ಚಗಾದುದು ತಿಳಿಯುತ್ತದೆ. ಎಳೆದೇ ಹಿಡಿದು, ಸ್ವಲ್ಪ ಹೊತ್ತಿನ ಮೇಲೆ ಸಡಿಲಿಸಿದರೆ ತಣ್ಣಗಾಗುತ್ತದೆ. 1805ರಲ್ಲಿ ಇದನ್ನು ಮೊದಲು ವರ್ಣಿಸಿದ ಜಾನ್ ಗಫ್ ಎಂಬಾತನು ಕುರುಡನು. ಉಕ್ಕಿನ ಸುರುಳಿಯ ಸ್ಥಿತಿಸ್ಥಾಪಕತೆಗೆ ಪರಮಾಣುಗಳ ನಡುವಣ ಸೆಳೆತ ಕಾರಣವಾದರೆ, ರಬ್ಬರಿನದಕ್ಕೆ ಕಾರಣವೇ ಬೇರೆ. ಮುದುಡಿಕೊಂಡಿದ್ದ ಸರಪಳಿಗಳನ್ನು ನಾವು ಎಳೆದು ಸಾಲಾಗಿ ನಿಲ್ಲಿಸುತ್ತೇವೆ. ಉಷ್ಣದ ಚಲನೆಯು ಅವನ್ನು ಮತ್ತೆ ಅಸ್ತವ್ಯಸ್ತಗೊಳಿಸುತ್ತದೆ. ಹಾಸಿಗೆಯು ನಮ್ಮನ್ನು ಮೇಲಕ್ಕೆ ಎತ್ತಿಹಿಡಿಯುವ ಬಲದ ಬಹುಪಾಲು ಅಣುಗಳ ಈ ಕುಣಿದಾಟದಿಂದ ಬಂದುದು.

ಹಾಲನ್ನು ನೊರೆಯಾಗಿಸುವ ಉಪಾಯವು 1929ರ ಸುಮಾರಿಗೆ ಇಂಗ್ಲೆಂಡಿನ ಡನ್‌ಲಪ್ ಕಾರ್ಖಾನೆಯಲ್ಲಿ ಹೊಳೆಯಿತು. ಗಂಧಕ ಮೊದಲಾದುವನ್ನು ಬೆರೆಸಿದ ಹಾಲನ್ನು ಗಾಳಿ ಸೇರುವಂತೆ ಕಡೆದು, ಹೆಪ್ಪುಗಟ್ಟಿಸುವ ದ್ರವ್ಯ ಹಾಕಿ, ಅಚ್ಚಿಗೆ ಸುರಿದು ಇಡ್ಲಿಯಂತೆ ಹಬೆಯಲ್ಲಿ ಬೇಯಿಸುತ್ತಾರೆ. ಅಚ್ಚಿನೊಳಗಿನ ಲೋಹದ ಗೂಟಗಳು ಶಾಖವನ್ನು ನಡುವಿಗೆ ಮುಟ್ಟಿಸುತ್ತವೆ. ಹಾಸಿಗೆಯಲ್ಲಿ ಕಾಣುವ ತೂತುಗಳು ಆ ಗೂಟಗಳ ಗುರುತುಗಳೇ ಹೊರತು ಅಲಂಕಾರವಲ್ಲ. ಟಾಲಲೇ ಎಂಬ ಮತ್ತೊಂದು ವಿಧಾನದಲ್ಲಿ ಅಚ್ಚನ್ನು ಅರೆಯಷ್ಟೇ ತುಂಬಿ, ಗಾಳಿಯನ್ನು ಹೀರಿ ನೊರೆಯನ್ನು ಉಬ್ಬಿಸಿ, ಶೀತದಿಂದ ಗಟ್ಟಿಗೊಳಿಸಿ ಆಮೇಲೆ ಬೇಯಿಸುತ್ತಾರೆ. ಮೊದಲಿನದು ತುಸು ಗಡಸು, ಎರಡನೆಯದು ಹೆಚ್ಚು ಸಮನಾದುದು. ಎರಡೂ ಒಳ್ಳೆಯವೇ, ಇದಕ್ಕಾಗಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ಇನ್ನು ತೂಕದ ವಿಷಯ. ತಂಬಾಕಿನ ನಿಪ್ಪಾಣಿಯಲ್ಲಾಗಲಿ, ಕಬ್ಬು ಬೆಲ್ಲಗಳ ರಾಯಬಾಗ, ಉಗಾರಗಳಲ್ಲಾಗಲಿ ತೂಗುವುದನ್ನು ಯಾರಿಗೂ ಕಲಿಸಬೇಕಾದುದಿಲ್ಲ. ಘನರಬ್ಬರಿನ ಸಾಂದ್ರತೆ ಘನಮೀಟರಿಗೆ ಸುಮಾರು 920 ಕಿಲೋಗ್ರಾಂ. ಹಾಸಿಗೆಯ ರಬ್ಬರು ನೊರೆಯದು ಸಾಮಾನ್ಯವಾಗಿ 65ರಿಂದ 95. ಅಂದರೆ ನೂರರಲ್ಲಿ ತೊಂಬತ್ತಕ್ಕೂ ಮಿಕ್ಕಿ ಭಾಗ ನಾವು ಕೊಳ್ಳುವುದು ಗಾಳಿಯನ್ನೇ! ಆರು ಅಡಿ, ಮೂರು ಅಡಿ, ಆರು ಅಂಗುಲದ ಹಾಸಿಗೆಯ ಗಾತ್ರ ಒಂಬತ್ತು ಘನ ಅಡಿ, ಅಥವಾ 0.255 ಘನಮೀಟರ್. ಘನಮೀಟರಿಗೆ 80 ಕಿಲೋಗ್ರಾಮಿನಂತೆ ಅದು ಇಪ್ಪತ್ತು ಕಿಲೋಗ್ರಾಂ ತೂಗಬೇಕು. ಘನಮೀಟರಿಗೆ 25 ಕಿಲೋಗ್ರಾಮಿನ ಸಾಧಾರಣ ಪಾಲಿಯುರಿಥೇನ್ ಸ್ಪಂಜಾದರೆ ಆರೂವರೆ ಕಿಲೋಗ್ರಾಂ ಮಾತ್ರ. ನನ್ನ ತಾಯಿಯ ಹಾಸಿಗೆಯ ಒಂಬತ್ತು ಕಿಲೋಗ್ರಾಂ ಆ ಗುಟ್ಟನ್ನು ಹೊಲಿಗೆ ಬಿಚ್ಚುವ ಮೊದಲೇ ಹೇಳುತ್ತಿತ್ತು.

ಆದರೆ ತಕ್ಕಡಿಯೊಂದನ್ನೇ ನಂಬುವಂತಿಲ್ಲ. ಚೂರು ಸ್ಪಂಜನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆಗಳು ರಬ್ಬರಿನಷ್ಟೇ ಭಾರವಿರಬಲ್ಲವು. ಹಾಲಿಗೆ ಸೀಮೆಸುಣ್ಣದ ಪುಡಿ, ಜೇಡಿಗಳನ್ನು ಬೆರೆಸಿಯೂ ತೂಕ ಹೆಚ್ಚಿಸಬಹುದು. ಅಂತಹ ನೊರೆ ಬೇಗನೆ ಬಿರಿಯುತ್ತದೆ, ಉಜ್ಜಿದರೆ ಬೆರಳಿಗೆ ಬಿಳಿಯ ಪುಡಿ ಹತ್ತುತ್ತದೆ. ಆದುದರಿಂದ ಹೊದಿಕೆಗೆ ಜಿಪ್ಪು ಇರುವ ಹಾಸಿಗೆಯನ್ನೇ ಕೇಳಿರಿ. ಬಿಚ್ಚಿ ಪಕ್ಕದಿಂದ ನೋಡಿರಿ. ಮೇಲಿನಿಂದ ಕೆಳಗಿನವರೆಗೆ ಒಂದೇ ಬಣ್ಣ, ಒಂದೇ ರಂಧ್ರರಚನೆ ಇದೆಯೋ, ಅಂಟಿಸಿದ ಪದರಗಳಿವೆಯೋ ಎಂಬುದು ಕ್ಷಣಮಾತ್ರದಲ್ಲಿ ತಿಳಿಯುತ್ತದೆ. ಬಿಚ್ಚಗೊಡದ ಅಂಗಡಿಯಲ್ಲಿ ನಾನಂತೂ ಕೊಳ್ಳಲಾರೆ.

ಮುಂದಿನದು ಪುಟಿತದ ಪರೀಕ್ಷೆ. ಸೈಕಲ್ಲಿನ ಬೇರಿಂಗಿನ ದಪ್ಪ ಗುಂಡನ್ನು ಐವತ್ತು ಸೆಂಟಿಮೀಟರ್ ಎತ್ತರದಿಂದ ಬರಿಯ ನೊರೆಯ ಮೇಲೆ ಬಿಡಿರಿ. ಒಳ್ಳೆಯ ರಬ್ಬರಾದರೆ ಗುಂಡು ಅರ್ಧಕ್ಕಿಂತ ಹೆಚ್ಚು ಎತ್ತರಕ್ಕೆ ಪುಟಿಯುತ್ತದೆ. ಸಾಧಾರಣ ಸ್ಪಂಜಿನಲ್ಲಿ ಅಷ್ಟು ಏಳುವುದಿಲ್ಲ. ಏಳದ ಪಾಲಿನ ಶಕ್ತಿಯು ನೊರೆಯೊಳಗೆ ಶಾಖವಾಗಿ ವ್ಯಯವಾಯಿತೆಂದು ತಿಳಿಯಬೇಕು. ಉತ್ತಮ ದರ್ಜೆಯ ಪಾಲಿಯುರಿಥೇನೂ ಚೆನ್ನಾಗಿ ಪುಟಿಯಬಲ್ಲದಾದುದರಿಂದ ಈ ಪರೀಕ್ಷೆಯು ತೂಕದ ಪರೀಕ್ಷೆಯ ಜೊತೆಗೇ ನಡೆಯತಕ್ಕದ್ದು. ಎಲ್ಲಕ್ಕಿಂತ ಮುಖ್ಯವಾದುದು ಮೂರನೆಯದು: ಅದುಮಿದ ನೊರೆ ಮತ್ತೆ ಮೇಲೇಳುವುದೋ ಇಲ್ಲವೋ? ಅಂಗಡಿಯವರು ತೋರಿಕೆಗೆ ಇಟ್ಟಿರುವ ಒಂದು ತುಂಡನ್ನು ಕೇಳಿ ತಂದು, ಅಳತೆಪಟ್ಟಿಯಿಂದ ದಪ್ಪವನ್ನು ಬರೆದುಕೊಂಡು, ಅದರ ಮೇಲೆ ಮಣೆಯಿಟ್ಟು, ಅರ್ಧದಷ್ಟು ಅದುಮುವಂತೆ ತುಂಬಿದ ಕೊಡಗಳನ್ನು ಹೇರಿ ರಾತ್ರಿಯೆಲ್ಲ ಬಿಡಿರಿ. ಬೆಳಿಗ್ಗೆ ಭಾರ ತೆಗೆದು ಅರ್ಧ ಗಂಟೆಯ ಮೇಲೆ ಮತ್ತೆ ಅಳೆಯಿರಿ. ಮಲಗಿದವನ ಕೆಳಗೆ ಹಾಸಿಗೆಯು ಪ್ರತಿರಾತ್ರಿಯೂ ಪಡುವ ಪಾಡು ಇದೇ ಅಲ್ಲವೇ?

ಮರದ ರಬ್ಬರೋ ಕಾರ್ಖಾನೆಯಲ್ಲಿ ಪೆಟ್ರೋಲಿಯಮಿನಿಂದ ಮಾಡಿದ ಕೃತಕ ರಬ್ಬರೋ ಎಂಬುದನ್ನು ಮಾತ್ರ ಮನೆಯಲ್ಲಿ ತಿಳಿಯಲಾಗದು. ಚೂರೊಂದನ್ನು ಸುಟ್ಟು ವಾಸನೆ ನೋಡುವವರಿದ್ದಾರೆ. ಎರಡೂ ಟಾಯರು ಸುಟ್ಟಂತೆಯೇ ನಾರುತ್ತವೆ. ಸ್ಪಂಜಾಗಿದ್ದರೆ ಏಳುವ ಹೊಗೆ ವಿಷಕರವೂ ಹೌದು. ಇಲ್ಲಿ ಪ್ರಮಾಣಪತ್ರವನ್ನೇ ಅವಲಂಬಿಸಬೇಕು. ರಬ್ಬರು ನೊರೆಯ ಪದಾರ್ಥಗಳಿಗೆ 'ಐ.ಎಸ್. 1741' ಎಂಬ ಭಾರತೀಯ ಮಾನಕವಿದೆ. 'ಗೋಲ್ಸ್' ಎಂಬ ಮುದ್ರೆಯು ಸಾವಯವ ತೋಟಗಳ ಸಹಜ ರಬ್ಬರನ್ನು ಕುರಿತುದು. 'ಓಎಕೋಟೆಕ್ಸ್' ಮುದ್ರೆಯು ಹಾನಿಕರ ರಾಸಾಯನಿಕಗಳ ಮಿತಿಯನ್ನು ಹೇಳುತ್ತದೆಯೇ ಹೊರತು ರಬ್ಬರು ಸಹಜವೆಂದು ಹೇಳುವುದಿಲ್ಲ. ಮಾರುವವರು ಇವೆರಡನ್ನೂ ಒಂದೇ ಎಂಬಂತೆ ಆಡುತ್ತಾರೆ. ಬಿಲ್ಲಿನಲ್ಲಿ ರಬ್ಬರು ಪದರದ ದಪ್ಪವನ್ನು ಅಂಗುಲಗಳಲ್ಲಿ ಬರೆಯಿಸಿಕೊಳ್ಳುವುದು ಇವೆಲ್ಲಕ್ಕಿಂತ ಉಪಯುಕ್ತ. ರಬ್ಬರು ಹಾಲಿನ ಸಸಾರಜನಕಗಳು ಕೆಲವರ ಮೈಗೆ ಒಗ್ಗುವುದಿಲ್ಲ. ರಬ್ಬರಿನ ಕೈಚೀಲ ತೊಟ್ಟರೆ ತುರಿಕೆಯೇಳುವವರು ವೈದ್ಯರನ್ನು ಕೇಳದೆ ಈ ಹಾಸಿಗೆ ಕೊಳ್ಳಬಾರದು.

ಒಳ್ಳೆಯದನ್ನೇ ತಂದರೂ ನಮ್ಮ ಕಡೆಯ ಒಂದು ರೂಢಿಯಿಂದ ಅದು ಕೆಡುವ ಸಂಭವವಿದೆ. ಬೇಸಿಗೆ ಬಂತೆಂದರೆ ನಾವು ಗಾದಿಗಳನ್ನು ಮಾಳಿಗೆಯ ಮೇಲೆ ಒಣಹಾಕುತ್ತೇವೆ. ಹತ್ತಿಗೆ ಇದು ಹಿತ: ತೇವ ಆರುತ್ತದೆ, ತಿಗಣೆಗಳು ಸಾಯುತ್ತವೆ. ರಬ್ಬರಿಗೆ ಇದೇ ಮೃತ್ಯು. ಬಿಸಿಲಿನ ನೇರಿಳಾತೀತ ಕಿರಣಗಳೂ ಗಾಳಿಯ ಆಮ್ಲಜನಕವೂ ಕೂಡಿ ಅಣುಸರಪಳಿಗಳನ್ನು ಕಡಿಯುತ್ತವೆ. ಮೇಲ್ಮೈ ಹಳದಿಯಾಗಿ, ಬಿರುಸಾಗಿ, ಕೊನೆಗೆ ಪುಡಿಪುಡಿಯಾಗಿ ಉದುರುತ್ತದೆ. ನನ್ನ ತಾಯಿಯೂ ಪ್ರತಿ ಏಪ್ರಿಲ್ ತಿಂಗಳಿನಲ್ಲಿ ಆ ಹಾಸಿಗೆಯನ್ನು ಬಿಸಿಲಿಗೆ ಹಾಕಿಸುತ್ತಿದ್ದರು. ಮೇಲಿನ ಒಂದಂಗುಲದ ರಬ್ಬರು ಬಿರಿದಿದ್ದುದರ ಹೊಣೆಯನ್ನು ಅಂಗಡಿಯವರ ಮೇಲೆ ಹೊರಿಸಲಾರೆ. ಎಣ್ಣೆಯೂ ರಬ್ಬರಿಗೆ ವೈರಿ. ಮೈಗೆ ಎಣ್ಣೆ ತಿಕ್ಕಿಕೊಂಡು ಮಲಗುವವರು ದಪ್ಪನೆಯ ಹೊದಿಕೆ ಹಾಸಬೇಕು. ತಾಮ್ರದ ಸಂಸರ್ಗದಿಂದಲೂ ರಬ್ಬರು ಬೇಗ ಮುಪ್ಪಾಗುತ್ತದೆ. ತೇವವಾದರೆ ಕೋಣೆಯೊಳಗೆ ಗಾಳಿಗೆ ನಿಲ್ಲಿಸಿದರೆ ಸಾಕು. ಕೆಳಗೆ ಸಂದು ಬಿಟ್ಟ ಪಟ್ಟಿಗಳ ಮಂಚವಿದ್ದರೆ ಇನ್ನೂ ಲೇಸು.

ಇಷ್ಟೆಲ್ಲ ಹೇಳಿದ ಮೇಲೂ ಎಲ್ಲರಿಗೂ ರಬ್ಬರಿನ ಹಾಸಿಗೆಯೇ ಬೇಕೆಂದು ನನ್ನ ಮತವಲ್ಲ. ನೊರೆಯಲ್ಲಿ ಸೆರೆಯಾದ ಗಾಳಿಯು ಶಾಖವನ್ನು ಸುಲಭವಾಗಿ ಸಾಗಗೊಡದು. ಅಥಣಿ, ಕಾಗವಾಡಗಳ ಮೇ ತಿಂಗಳ ರಾತ್ರಿಗಳಲ್ಲಿ ತೂತುಗಳಿದ್ದರೂ ಬೆನ್ನು ಬೆವರುತ್ತದೆ. ಬೆನ್ನಿನ ಬಾಧೆಯಿಲ್ಲದವರಿಗೆ ಕೆಲವು ವರ್ಷಗಳಿಗೊಮ್ಮೆ ಹಿಂಜಿಸಿದ ಹತ್ತಿಯ ಗಾದಿ ಸಾಲದೆಂದು ನಾನು ಹೇಳಲಾರೆ. ಹಣ ಕಡಿಮೆಯಿದ್ದರೆ ಆರಂಗುಲದ ಮಿಶ್ರ ಹಾಸಿಗೆಗಿಂತ, ಹಳೆಯ ಗಟ್ಟಿ ಗಾದಿಯ ಮೇಲೆ ಹಾಸಲು ಎರಡಂಗುಲದ ಅಪ್ಪಟ ರಬ್ಬರು ಹಾಳೆಯನ್ನು ಕೊಳ್ಳುವುದು ಜಾಣತನ.

ತಾಯಿಗೆ ನಾನು ಎರಡನೆಯ ಸಲ ತಂದುದು ಅಂತಹ ಹಾಳೆಯೇ. ಅಂಗಡಿಯಲ್ಲಿಯೇ ತೂಗಿಸಿದೆ, ಏಳು ಕಿಲೋಗ್ರಾಂ ಇದ್ದಿತು. ಒಂಬತ್ತು ಘನ ಅಡಿಗೆ ಇಪ್ಪತ್ತಾದರೆ ಮೂರು ಘನ ಅಡಿಗೆ ಎಷ್ಟಾಗಬೇಕೆಂಬ ಲೆಕ್ಕವನ್ನು ಅಂಗಡಿಯ ಹುಡುಗನೇ ನನಗಿಂತ ಮೊದಲು ಹೇಳಿದನು.