ಸ್ವಸ್ತಿ ಎನ್ನುವ ನಾಡಿಗೆ ಹೊರಟವಳಿಗೆ

ಪುಟ್ಟಿ, ನೀನೂ ನಿನ್ನ ಇಬ್ಬರು ಗೆಳತಿಯರೂ ಬ್ಯಾಂಕಾಕಿಗೆ ಟಿಕೆಟ್ ತೆಗೆದ ಸುದ್ದಿಯನ್ನು ನಿನ್ನಮ್ಮ ಹೇಳಿದಳು. ಅವಳ ದನಿಯಲ್ಲಿ ಅರ್ಧ ಹೆಮ್ಮೆ, ಅರ್ಧ ದಿಗಿಲು. ನನಗೆ ದಿಗಿಲಿಲ್ಲ. ನಾನು ಕಡಲು ದಾಟಿದ್ದು ಬ್ಯಾಂಕಿನ ಕೆಲಸದಿಂದ ನಿವೃತ್ತಳಾದ ಮೇಲೆ. ನೀನು ಇಪ್ಪತ್ನಾಲ್ಕಕ್ಕೇ, ಸ್ವಂತ ಸಂಬಳದಲ್ಲಿ ಹೊರಟಿದ್ದೀಯ. ಆದರೆ ಫೋನಿನಲ್ಲಿ ನೀನಂದ ಒಂದು ಮಾತು ಕಿವಿಯಲ್ಲೇ ಉಳಿದಿದೆ: “ಥಾಯ್ಲೆಂಡ್ ಅಲ್ವಾ ದೊಡ್ಡಮ್ಮ, ಎಲ್ಲ ನಮ್ಮೂರಿನ ಹಾಗೇ ಇರತ್ತೆ.” ಆ ಮಾತಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಹೌದು, ನಮ್ಮೂರಿನ ಹಾಗೇ ಕಾಣುತ್ತದೆ. ನೀನು ಇಳಿಯುವ ವಿಮಾನ ನಿಲ್ದಾಣದ ಹೆಸರು ಸುವರ್ಣಭೂಮಿ. ಅವರ ಹಳೆಯ ರಾಜಧಾನಿ ಅಯುತ್ಥಯಕ್ಕೆ ಹೆಸರು ಬಂದದ್ದು ಅಯೋಧ್ಯೆಯಿಂದ. ಈಗಿನ ದೊರೆ ಹತ್ತನೆಯ ರಾಮ. ಬ್ಯಾಂಕಾಕಿನ ಅರಮನೆಯ ಆವರಣದಲ್ಲಿರುವ ಪಚ್ಚೆ ಬುದ್ಧನ ದೇಗುಲದ ಸುತ್ತುಪ್ರಾಕಾರದ ತುಂಬ ಅವರ ರಾಮಾಯಣದ ಚಿತ್ರಗಳು. ಕೈಮುಗಿದು ಅವರು ಹೇಳುವ ‘ಸವಾದೀ’ ಹುಟ್ಟಿದ್ದು ಸಂಸ್ಕೃತದ ‘ಸ್ವಸ್ತಿ’ಯಿಂದ. ನಮ್ಮ ಎಷ್ಟೋ ಶಾಸನಗಳು ಶುರುವಾಗುವುದೂ ಅದೇ ಸ್ವಸ್ತಿಯಿಂದ. ಬನವಾಸಿ, ಬಳ್ಳಿಗಾವೆಗಳ ಕಲ್ಲುಗಳನ್ನು ನೋಡುತ್ತ ಬೆಳೆದ ನನಗೆ ಆ ಶಬ್ದ ಅಲ್ಲಿನ ಹೋಟೆಲಿನ ಹುಡುಗಿಯ ಬಾಯಲ್ಲಿ ಕೇಳಿದಾಗ ಕಣ್ಣು ತುಂಬಿತ್ತು.

ಇಷ್ಟೊಂದು ಹೋಲಿಕೆ ಕಂಡಾಗ ಎಚ್ಚರ ಸಡಿಲವಾಗುತ್ತದೆ. ಪೂರ್ತಿ ಗುರುತಿಲ್ಲದ ಊರಲ್ಲಿ ನಾವು ನೋಡಿ ಹೆಜ್ಜೆ ಇಡುತ್ತೇವೆ. ನೆಂಟರ ಮನೆಯಂತೆ ಕಾಣುವ ಊರಲ್ಲಿ ಕೇಳದೆಯೇ ಒಳಮನೆಗೆ ನಡೆದುಬಿಡುತ್ತೇವೆ. ನಾನು ಮಾಡಿದ್ದೂ ಅದನ್ನೇ. ಒಂದು ದೇಗುಲದ ಒಳಗೆ, ಮಂಡಿ ನೋವೆಂದು, ಬುದ್ಧನ ಮೂರ್ತಿಯ ಎದುರೇ ಕಾಲು ಚಾಚಿ ಕೂತೆ. ಪಕ್ಕದಲ್ಲಿದ್ದ ಮುದುಕಿ ಒಂದು ಮಾತೂ ಆಡದೆ ನನ್ನ ಮೊಣಕಾಲ ಮೇಲೆ ಕೈಯಿಟ್ಟು, ಪಾದಗಳು ಹಿಂದಕ್ಕೆ ಹೋಗುವಂತೆ ಮೆಲ್ಲಗೆ ಮಡಚಿಸಿದಳು. ಆಮೇಲೆ ತನ್ನ ಚೀಲವನ್ನೇ ನನ್ನ ಬೆನ್ನಿಗೆ ಒರಗಲು ಕೊಟ್ಟಳು. ಅಂಗಾಲನ್ನು ದೇವರತ್ತ ತೋರಿಸಬಾರದು ಅನ್ನುವುದು ನನಗೆ ಗೊತ್ತಿಲ್ಲದ ವಿಷಯವೇ? ನಮ್ಮ ಸಾಗರದ ಮಾರಿಗುಡಿಯಲ್ಲಿ ಹಾಗೆ ಕೂರುತ್ತಿದ್ದೆನೇ? ಪರವೂರಿನಲ್ಲಿ ಅದು ನೆನಪಾಗಲಿಲ್ಲ. ಅಲ್ಲಿ ನಾನು ಭಕ್ತೆಯಲ್ಲ, ನೋಡಲು ಬಂದವಳು ಅಂದುಕೊಂಡಿದ್ದೆ.

ಅದಕ್ಕೇ ಹೇಳುತ್ತೇನೆ, ಮನೆಯಲ್ಲಿ ಕಲಿತದ್ದನ್ನು ಮನೆಯಲ್ಲೇ ಬಿಟ್ಟು ಹೋಗಬೇಡ. ಹೊಸಿಲು ತುಳಿಯಬೇಡ ಅಂತ ಅಜ್ಜಿ ಹೇಳಿದ್ದಳಲ್ಲ, ಅಲ್ಲಿನ ದೇಗುಲಗಳ ಎತ್ತರದ ಹೊಸಿಲಿಗೂ ಅದೇ ಮರ್ಯಾದೆ, ದಾಟಿ ಹೋಗಬೇಕು. ಭುಜ, ಮಂಡಿ ಮುಚ್ಚುವ ಬಟ್ಟೆ ಒಂದು ಜೊತೆ ಚೀಲದಲ್ಲಿರಲಿ. ಮಕ್ಕಳು ಮುದ್ದಾಗಿದ್ದಾರೆಂದು ತಲೆ ಸವರಬೇಡ, ಅವರಿಗೆ ತಲೆ ಬಹಳ ಪವಿತ್ರ. ಹೆಂಗಸರು ಭಿಕ್ಷುಗಳನ್ನು ಮುಟ್ಟುವಂತಿಲ್ಲ. ರೈಲಿನಲ್ಲಿ ಅವರಿಗೆಂದೇ ಜಾಗ ಮೀಸಲಿರುತ್ತದೆ, ಖಾಲಿ ಇದೆಯೆಂದು ಅಲ್ಲಿ ಕೂರಬೇಡ.

ಇವೆಲ್ಲ ತಪ್ಪಿದರೆ ಯಾರೋ ಒಬ್ಬ ಮುದುಕಿ ತಿದ್ದಿಯಾಳು. ಕಾನೂನು ಹಾಗೆ ತಿದ್ದುವುದಿಲ್ಲ. ಅಲ್ಲಿ ರಾಜಮನೆತನದ ಬಗ್ಗೆ ಹಗುರವಾಗಿ ಮಾತಾಡುವುದು ದಂಡಸಂಹಿತೆಯ 112ನೇ ಕಲಮಿನಡಿ ಅಪರಾಧ, ಒಂದೊಂದು ಸಲಕ್ಕೂ 3ರಿಂದ 15 ವರ್ಷ ಸೆರೆ. ವಿದೇಶಿಯರಿಗೂ ವಿನಾಯಿತಿ ಇಲ್ಲ. ನಮ್ಮಲ್ಲಿ ಚಹದ ಅಂಗಡಿಯಲ್ಲಿ ಮಂತ್ರಿಗಳನ್ನು ಬೈದ ಹಾಗೆ ಅಲ್ಲಿ ಬಾಯಿ ಬಿಡುವಂತಿಲ್ಲ, ಇನ್‌ಸ್ಟಾಗ್ರಾಮಿನಲ್ಲಿ ಬರೆಯುವಂತೆಯೂ ಇಲ್ಲ. ನೋಟು ನೆಲಕ್ಕೆ ಬಿದ್ದು ಗಾಳಿಗೆ ಹಾರುತ್ತಿದ್ದರೆ ಕಾಲಲ್ಲಿ ಒತ್ತಿ ಹಿಡಿಯಬೇಡ, ಅದರ ಮೇಲೆ ದೊರೆಯ ಮುಖವಿದೆ. ಬೆಳಿಗ್ಗೆ 8ಕ್ಕೆ, ಸಂಜೆ 6ಕ್ಕೆ ನಿಲ್ದಾಣದಲ್ಲೋ ಉದ್ಯಾನದಲ್ಲೋ ರಾಷ್ಟ್ರಗೀತೆ ಕೇಳಿಸಿದರೆ ಎಲ್ಲರ ಜೊತೆ ನೀನೂ ನಿಂತುಬಿಡು. ಆ 112ನೇ ಕಲಮು ಸರಿಯೋ ತಪ್ಪೋ ಎಂಬ ಚರ್ಚೆಯನ್ನು ಆ ದೇಶದವರೇ ಮಾಡುತ್ತಿದ್ದಾರೆ, ಅದಕ್ಕಾಗಿ ಜೈಲಿಗೂ ಹೋಗಿದ್ದಾರೆ. ನಾಲ್ಕು ದಿನಕ್ಕೆ ಹೋದವಳು ಆ ನೋವಿನ ನಡುವೆ ಚೆಲ್ಲುಮಾತು ಆಡಬಾರದು.

ಈಗ ನನಗೆ ನಿಜವಾಗಿ ಹೆದರಿಕೆ ಇರುವ ವಿಷಯ. ಥಾಯ್ಲೆಂಡಿನಲ್ಲಿ 2022ರಲ್ಲಿ ಗಾಂಜಾವನ್ನು ಮಾದಕ ವಸ್ತುಗಳ ಪಟ್ಟಿಯಿಂದ ತೆಗೆದರು, ಬೀದಿಬೀದಿಯಲ್ಲಿ ಅಂಗಡಿಗಳಾದವು. 2025ರಲ್ಲಿ ವೈದ್ಯರ ಚೀಟಿ ಇಲ್ಲದೆ ಮಾರಕೂಡದೆಂದು ಮತ್ತೆ ಬಿಗಿ ಮಾಡಿದರು. ಅಲ್ಲೇನೇ ಇರಲಿ, ನಮ್ಮಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆ ಇದೆ. ಬ್ಯಾಂಕಾಕಿನಿಂದ ಹೈಡ್ರೋಪೋನಿಕ್ ಗಾಂಜಾ ತಂದು ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದವರ ಸುದ್ದಿಯನ್ನು ಪತ್ರಿಕೆಯಲ್ಲಿ ಮತ್ತೆ ಮತ್ತೆ ಓದುತ್ತೇನೆ. ಅವರಲ್ಲಿ ನಿನ್ನ ವಯಸ್ಸಿನವರಿದ್ದಾರೆ. ವಾಪಸಾಗುವಾಗ ಕ್ಯೂನಲ್ಲಿ ಯಾರೋ ಬಂದು, “ಅಕ್ಕಾ, ನನ್ನ ಲಗೇಜ್ ತೂಕ ಜಾಸ್ತಿ ಆಗಿದೆ, ಈ ಬಿಸ್ಕತ್ ಡಬ್ಬಿ ನಿಮ್ಮ ಬ್ಯಾಗಿನಲ್ಲಿ ಇಟ್ಕೊಳ್ತೀರಾ” ಅಂದರೆ, ಕನ್ನಡದಲ್ಲೇ ಕೇಳಿದರೂ, ಅತ್ತುಕೊಂಡು ಕೇಳಿದರೂ, ಇಲ್ಲ ಅನ್ನು. ನಿನ್ನ ಚೀಲವನ್ನು ನೀನೇ ತುಂಬು, ನೀನೇ ಬೀಗ ಹಾಕು. ಉಪಕಾರ ಮಾಡುವ ಗುಣ ನಿನ್ನಲ್ಲಿದೆ ಅಂತಲೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಇ-ಸಿಗರೇಟು ಅಲ್ಲೂ ನಿಷಿದ್ಧ, ನಮ್ಮಲ್ಲೂ 2019ರಿಂದ ನಿಷಿದ್ಧ. ನಿನ್ನ ಗೆಳತಿಯರಿಗೂ ಹೇಳು.

ಒಂದೊಂದು ದೇಶಕ್ಕೆ ಒಂದೊಂದು ವಸ್ತು ಆಗದು. ನಮ್ಮ ಪಕ್ಕದ ಮನೆಯವರು ದುಬೈಗೆ ಹೊರಟ ಮಗನಿಗೆ ಪಾಯಸಕ್ಕೆಂದು ಕಾಲು ಕಿಲೋ ಗಸಗಸೆ ಕಟ್ಟಿದ್ದರು. ಅಲ್ಲಿ ಗಸಗಸೆಗೆ ನಿಷೇಧವಿದೆ ಅಂತ ಹೇಳಿ, ಹಿಂದಿನ ರಾತ್ರಿ ನಾನೇ ಕೂತು ತೆಗೆಸಿದೆ. ನಿನ್ನ ಮಾತ್ರೆಗಳನ್ನು ಅವುಗಳ ಸ್ಟ್ರಿಪ್ಪಿನಲ್ಲೇ, ಡಾಕ್ಟರ ಚೀಟಿಯ ಜೊತೆ ಒಯ್ಯಿ. ಕೊಡೀನ್ ಇರುವ ಕೆಮ್ಮಿನ ಸಿರಪ್ ಬೇಡ.

ಕಾಗದಪತ್ರದ ವಿಷಯ ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಆದರೂ 2025ರ ಮೇ 1ರಿಂದ ಅಲ್ಲಿಗೆ ಹೋಗುವವರು ತಲುಪುವ ಮುಂಚಿನ ಮೂರು ದಿನಗಳೊಳಗೆ ಆನ್‌ಲೈನಿನಲ್ಲಿ ಆಗಮನ ಚೀಟಿ ತುಂಬಬೇಕು. ಅದಕ್ಕೆ ದುಡ್ಡಿಲ್ಲ. ದುಡ್ಡು ಕೇಳುವ ತಾಣ ಕಂಡರೆ ಅದು ಸರ್ಕಾರದ್ದಲ್ಲ. ವೀಸಾ ನಿಯಮ ಬದಲಾಗುತ್ತಲೇ ಇರುತ್ತದೆ, ಹೋದ ವರ್ಷ ಹೋಗಿಬಂದವರ ಮಾತು ನಂಬದೆ ರಾಯಭಾರ ಕಚೇರಿಯ ಪುಟವನ್ನು ನೀನೇ ನೋಡು. ಪಾಸ್‌ಪೋರ್ಟಿನ ಒಂದು ಪ್ರತಿ ನಿನ್ನಮ್ಮನ ಕೈಯಲ್ಲಿರಲಿ. ಕಳೆದುಹೋದರೆ ಮೊದಲು ಪೊಲೀಸ್ ದೂರು, ಆಮೇಲೆ ಸುಖುಂವಿತ್ ರಸ್ತೆಯ 23ನೇ ಓಣಿಯಲ್ಲಿರುವ ನಮ್ಮ ರಾಯಭಾರ ಕಚೇರಿ. ಊರಿಗೆ ಮರಳಲು ಅವರು ತುರ್ತು ಪ್ರಮಾಣಪತ್ರ ಕೊಡುತ್ತಾರೆ. ಪ್ರವಾಸಿ ಪೊಲೀಸರ ಸಂಖ್ಯೆ 1155, ಆಂಬುಲೆನ್ಸಿಗೆ 1669. ಫೋನ್ ಸತ್ತಾಗಲೂ ಬೇಕಾಗುತ್ತದೆ, ಕಾಗದದ ಮೇಲೆ ಬರೆದಿಟ್ಟುಕೋ.

ಸ್ಕೂಟರ್ ಬಾಡಿಗೆಗೆ ತೆಗೆದುಕೊಳ್ಳುವ ಆಸೆ ನಿನಗಿದೆ ಅಂತ ನನಗೆ ಗೊತ್ತು. ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡು ಹೋಗು, ಅದಿಲ್ಲದವರು ಓಡಿಸುವ ಸ್ಕೂಟರಿನ ಹಿಂದಿನ ಸೀಟಿನಲ್ಲೂ ಕೂರಬೇಡ. ಪರವಾನಗಿ ಇಲ್ಲದೆ ಓಡಿಸಿ ಬಿದ್ದರೆ ಪ್ರಯಾಣ ವಿಮೆ ಕೈಬಿಡುತ್ತದೆ, ಪರದೇಶದ ಆಸ್ಪತ್ರೆಯ ಬಿಲ್ಲು ನಿನ್ನಪ್ಪನ ಮನೆ ಸಾಲಕ್ಕಿಂತ ಭಾರವಾದೀತು. ಅಂಗಡಿಯವರು ಪಾಸ್‌ಪೋರ್ಟ್ ಇಟ್ಟು ಹೋಗಿ ಅಂದರೆ ಆ ಅಂಗಡಿ ಬೇಡ.

ಸಮುದ್ರದ ಬಗ್ಗೆಯೂ ಒಂದು ಮಾತು. ನಮ್ಮ ಮಲೆನಾಡಿಗೆ ಮಳೆ ಸುರಿಸುವ ನೈರುತ್ಯ ಮುಂಗಾರೇ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಫುಕೆಟ್‌ನ ಪಡುವಣ ದಂಡೆಯನ್ನೂ ಬಡಿಯುತ್ತದೆ. ಗೋಕರ್ಣ, ಮುರುಡೇಶ್ವರಗಳಲ್ಲಿ ಓದುವ ಮಕ್ಕಳು ನೀರುಪಾಲಾದದ್ದನ್ನು ನಾವು ನೋಡಿದ್ದೇವೆ. ಕೆಂಪು ಬಾವುಟ ನೆಟ್ಟಿದ್ದರೆ ಮಂಡಿಯುದ್ದದ ನೀರಿಗೂ ಇಳಿಯಬೇಡ. ಸೆಳೆತಕ್ಕೆ ಸಿಕ್ಕರೆ ದಡದತ್ತ ಈಜಿ ಸುಸ್ತಾಗಬೇಡ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು ಆಮೇಲೆ ದಡಕ್ಕೆ ಬಾ.

ಕೆಲಸ ಹುಡುಕುತ್ತಿರುವ ನಿನ್ನ ಅಣ್ಣನಿಗೂ ಇದನ್ನು ಓದಿಸು. ಬ್ಯಾಂಕಾಕಿನಲ್ಲಿ ಕಂಪ್ಯೂಟರ್ ಕೆಲಸ, ಟಿಕೆಟ್ ನಾವೇ ಕೊಡುತ್ತೇವೆ ಎಂಬ ಸಂದೇಶ ನಂಬಿ ಹೋದವರನ್ನು ಮೇ ಸೋಟ್ ಎಂಬ ಗಡಿಯೂರಿನಿಂದ ಹೊಳೆ ದಾಟಿಸಿ ಮ್ಯಾನ್ಮಾರಿನಲ್ಲಿ ಕೂಡಿಹಾಕಿ, ಆನ್‌ಲೈನ್ ವಂಚನೆ ಮಾಡಿಸಿದರು. 2025ರ ಮಾರ್ಚ್‌ನಲ್ಲಿ ಅಂಥ ಐನೂರಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು.

ಊಟಕ್ಕೆ ಪರದಾಡಬೇಡ. ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ ‘ಜೇ’ ಎಂದು ಬರೆದ ಅಂಗಡಿಯಲ್ಲಿ ಮಾಂಸ, ಮೀನು ಇರುವುದಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಬೇರೆ ಕಡೆ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬಿದ್ದಿರುತ್ತದೆ. ‘ಮೈ ಸೈ ನಾಮ್ ಪ್ಲಾ’ ಅಂದರೆ ಅದನ್ನು ಹಾಕಬೇಡಿ ಅಂತ. ತಟ್ಟೆ ನೋಡಿ ಮುಖ ಸಿಂಡರಿಸಬೇಡ, ಅದು ಇನ್ನೊಬ್ಬರ ಅನ್ನ. ಚೌಕಾಸಿ ಮಾಡು, ಆದರೆ ನಗುತ್ತ ಮಾಡು. ಅಲ್ಲಿ ದನಿ ಏರಿಸಿದವರಿಗೆ ಬೆಲೆಯಿಲ್ಲ. ‘ಜಾಯ್ ಯೆನ್ ಯೆನ್’ ಅನ್ನುತ್ತಾರೆ, ಮನಸ್ಸು ತಣ್ಣಗಿರಲಿ ಅಂತ. ನಿನ್ನ ಹೊಟ್ಟೆ ತಣ್ಣಗಿರಲಿ ಅನ್ನುತ್ತಿದ್ದ ನಮ್ಮಜ್ಜಿ ನೆನಪಾಗುತ್ತಾಳೆ.

ನಮ್ಮ ಕೆಲವು ಗಂಡಸರು ಆ ದೇಶದ ಹೆಣ್ಣುಮಕ್ಕಳನ್ನು ಎಂಥ ಕಣ್ಣಿನಿಂದ ನೋಡುತ್ತಾರೆಂಬುದನ್ನು ನಾನು ಕಣ್ಣಾರೆ ಕಂಡು ತಲೆ ತಗ್ಗಿಸಿದ್ದೇನೆ. ನಿಮ್ಮ ಗುಂಪಿನಲ್ಲಿ ಯಾರಾದರೂ ಅವರ ಬಗ್ಗೆ ಕೊಳಕು ಮಾತಾಡಿದರೆ ನಕ್ಕು ಸುಮ್ಮನಾಗಬೇಡ. ಕೇಳದೆ ಯಾರ ಫೋಟೋವನ್ನೂ ತೆಗೆಯಬೇಡ.

ದಿನಕ್ಕೊಂದು ಸಲ ನಿನ್ನಮ್ಮನಿಗೂ ನನಗೂ ಒಂದು ಸಾಲು ಕಳಿಸು, ಎಲ್ಲಿದ್ದೀಯ ಅಂತ ಮಾತ್ರ. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. ನೀನು ರಾತ್ರಿ ಹತ್ತೂವರೆಗೆ ಕಳಿಸಿದರೆ ನನಗಿಲ್ಲಿ ಒಂಬತ್ತು. ನಾನು ಎಚ್ಚರ ಇರುತ್ತೇನೆ.